ಇಂಪ್ರಾಪರ್ ಇಂಟಿಗ್ರಲ್ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

1/ಎಕ್ಸ್² ಅನ್ನು −1 ರಿಂದ 1 ರವರೆಗೆ ಇಂಟಿಗ್ರೇಟ್ ಮಾಡಿ ಅಂತ ಕೊಡಿ. ತುಂಬಾ ಮಂದಿ −2 ಅಂತ ಬರೆಯುತ್ತಾರೆ. ಹೆಜ್ಜೆಗಳೆಲ್ಲ ನೀಟಾಗಿರುತ್ತವೆ. ಇಂಟಿಗ್ರೇಷನ್ ಸರಿ, ಬೆಲೆ ಹಾಕಿದ್ದು ಸರಿ, ಕಳೆದದ್ದೂ ಸರಿ. ಉತ್ತರ ಮಾತ್ರ ತಪ್ಪು.

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ಬಿಎಸ್ಸಿ, ಇಂಜಿನಿಯರಿಂಗ್ ಮಕ್ಕಳ ಲೆಕ್ಕದ ಪುಸ್ತಕ ನೋಡುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ಇಂಟಿಗ್ರೇಷನ್ ಫಾರ್ಮುಲಾ ಬಾರದೆ ಎಡವುವವರು ಕಡಿಮೆ. ಫಾರ್ಮುಲಾ ಹಾಕುವ ಮೊದಲು ಫಂಕ್ಷನ್ ಎಲ್ಲಿ ಕೆಡುತ್ತದೆ ಅಂತ ನೋಡದೆ ಎಡವುವವರೇ ಜಾಸ್ತಿ. ಹಾಗಾಗಿ ಈ ಕೈಪಿಡಿಯನ್ನು ಲಕ್ಷಣದಿಂದ ಶುರು ಮಾಡಿದ್ದೇನೆ. ನಿಮ್ಮ ಉತ್ತರ ಹೇಗೆ ಕಾಣುತ್ತಿದೆ, ಅದರಿಂದ ದೋಷ ಎಲ್ಲಿದೆ ಅಂತ ಹಿಂದಕ್ಕೆ ಹೋಗಿ ಹುಡುಕೋಣ.

ಇಲ್ಲಿ ಲಾಗ್ ಅಂದರೆ ಎಲ್ಲ ಕಡೆ ಇ ಬೇಸ್ ಇರುವ ಸಹಜ ಲಾಗ್. ಇಂಟಿಗ್ರಲ್‌ನ ಮೇಲಿನ ಮತ್ತು ಕೆಳಗಿನ ಬೆಲೆಗಳನ್ನು ತುದಿ ಅಂತ ಕರೆಯುತ್ತೇನೆ. ತುದಿ ಅನಂತವಾಗಿದ್ದರೆ, ಇಲ್ಲವೇ ತುದಿಯಲ್ಲೋ ನಡುವೆಯೋ ಫಂಕ್ಷನ್ ಅನಂತಕ್ಕೆ ಹಾರಿದರೆ ಅದು ಇಂಪ್ರಾಪರ್ ಇಂಟಿಗ್ರಲ್. ಆ ಕೆಟ್ಟ ಜಾಗದ ಬದಲು ಟಿ ಅಂತ ಇಟ್ಟು, ಟಿ ಅದರ ಹತ್ತಿರ ಹೋಗುವಾಗ ಉತ್ತರ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದು ಲಿಮಿಟ್. ಉತ್ತರ ಒಂದು ಸಂಖ್ಯೆಗೆ ಬಂದು ನಿಂತರೆ ಕನ್ವರ್ಜ್, ನಿಲ್ಲದಿದ್ದರೆ ಡೈವರ್ಜ್.

ಲಕ್ಷಣ: ಫಂಕ್ಷನ್ ಪಾಸಿಟಿವ್, ಉತ್ತರ ನೆಗೆಟಿವ್

ಶುರುವಿನ ಲೆಕ್ಕಕ್ಕೇ ಬರೋಣ. 1/ಎಕ್ಸ್² ಯಾವತ್ತೂ ಪಾಸಿಟಿವ್. ಗ್ರಾಫ್ ಪೂರ್ತಿ ಅಕ್ಷದ ಮೇಲೇ ಇದೆ. ಅದರ ಕೆಳಗಿನ ವಿಸ್ತೀರ್ಣ −2 ಆಗುವುದು ಸಾಧ್ಯವೇ ಇಲ್ಲ. ಉತ್ತರ ಬರೆದ ಮೇಲೆ ಈ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು, ಏನೋ ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಕೆಟ್ಟಿರುವ ಜಾಗ ಸೊನ್ನೆ. ಅಲ್ಲಿ ಫಂಕ್ಷನ್ ಅನಂತಕ್ಕೆ ಹಾರುತ್ತದೆ. −1 ಮತ್ತು 1 ಎರಡೂ ಒಳ್ಳೆಯ ಸಂಖ್ಯೆಗಳು. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ರೋಗ ತುದಿಯಲ್ಲಿಲ್ಲ, ನಡುವೆ ಕೂತಿದೆ.

ಸರಿಪಡಿಸುವುದು ಹೀಗೆ. ಸೊನ್ನೆಯ ಬಳಿ ಇಂಟಿಗ್ರಲ್ ಅನ್ನು ಎರಡು ತುಂಡು ಮಾಡಿ. ಬಲಗಡೆಯ ತುಂಡನ್ನು ಟಿ ಇಂದ 1 ರವರೆಗೆ ಮಾಡಿ. ಟಿ ಅಂದರೆ ಸೊನ್ನೆಗಿಂತ ಒಂಚೂರು ದೊಡ್ಡ ಸಂಖ್ಯೆ. ಉತ್ತರ 1/ಟಿ − 1 ಬರುತ್ತದೆ. ಈಗ ಟಿಗೆ ಬೆಲೆ ಹಾಕುತ್ತಾ ಹೋಗಿ. 0.1 ಹಾಕಿದರೆ 9. 0.01 ಹಾಕಿದರೆ 99. 0.001 ಹಾಕಿದರೆ 999. ಇದು ಎಲ್ಲೂ ನಿಲ್ಲುವುದಿಲ್ಲ. ಇಂಟಿಗ್ರಲ್ ಡೈವರ್ಜ್ ಆಗುತ್ತದೆ, ಅಷ್ಟೇ ಉತ್ತರ. ಎಡಗಡೆಯ ತುಂಡನ್ನು ಮುಟ್ಟುವ ಅಗತ್ಯವೂ ಇಲ್ಲ. ಒಂದು ತುಂಡು ಡೈವರ್ಜ್ ಆದರೆ ಇಡೀ ಇಂಟಿಗ್ರಲ್ ಡೈವರ್ಜ್.

ಉತ್ತರ ನೆಗೆಟಿವ್ ಬಂದದ್ದು ಒಂದು ರೀತಿಯಲ್ಲಿ ಅದೃಷ್ಟ. ತಪ್ಪು ತಾನಾಗಿಯೇ ಕೂಗಿ ಹೇಳಿತು. ಕೂಗದ ತಪ್ಪುಗಳು ಇನ್ನೂ ಅಪಾಯ. 1/(ಎಕ್ಸ್ − 1) ಅನ್ನು 0 ಇಂದ 3 ರವರೆಗೆ ಮಾಡಿ ನೋಡಿ. ಹಾಗೇ ಬೆಲೆ ಹಾಕಿದರೆ ಲಾಗ್ 2, ಅಂದರೆ 0.693 ಬರುತ್ತದೆ. ನೋಡಲು ಎಷ್ಟು ಸಭ್ಯ ಉತ್ತರ ಅಲ್ವಾ? ಆದರೆ 1ರ ಬಳಿ ಫಂಕ್ಷನ್ ಕೆಟ್ಟಿದೆ. ಎರಡು ತುಂಡೂ ಬೇರೆ ಬೇರೆಯಾಗಿ ಡೈವರ್ಜ್. ಈ ಲೆಕ್ಕ ಪೂರ್ತಿ ಮಾರ್ಕ್ಸ್ ಕಳೆಯುತ್ತದೆ, ಬರೆದವರಿಗೆ ಕೊನೆಯವರೆಗೂ ಅನುಮಾನವೇ ಬರುವುದಿಲ್ಲ.

ಆದ್ದರಿಂದ ಪೆನ್ನು ಎತ್ತುವ ಮೊದಲೇ ನೋಡಬೇಕು. ಛೇದ ಎಲ್ಲಿ ಸೊನ್ನೆ? ಲಾಗ್ ಒಳಗಿರುವುದು ಎಲ್ಲಿ ಸೊನ್ನೆ? ಟ್ಯಾನ್ ಅಥವಾ ಸೆಕ್ ಇದ್ದರೆ ಪೈ/2 ತುದಿಗಳ ನಡುವೆ ಸಿಗುತ್ತದೆಯಾ? 1/ಲಾಗ್ ಎಕ್ಸ್ ಇದ್ದರೆ 1ರ ಮೇಲೆ ಕಣ್ಣಿಡಿ, ಏಕೆಂದರೆ ಲಾಗ್ 1 ಸೊನ್ನೆ. 1/(ಎಕ್ಸ್² − 5ಎಕ್ಸ್ + 6) ಅನ್ನು 0 ಇಂದ 4 ರವರೆಗೆ ಕೇಳಿದರೆ 2 ಮತ್ತು 3 ಎರಡೂ ಒಳಗಿವೆ. ಆಗ ನಾಲ್ಕು ತುಂಡು ಬೇಕು, ಏಕೆಂದರೆ 2 ಮತ್ತು 3ರ ನಡುವಿನ ತುಂಡಿಗೆ ಎರಡು ತುದಿಯೂ ಕೆಟ್ಟಿದೆ. ಒಂದು ತುಂಡಿಗೆ ಒಂದೇ ಕೆಟ್ಟ ತುದಿ. ಈ ಕೈಪಿಡಿಯಲ್ಲಿ ಏನು ಮರೆತರೂ ಇದನ್ನು ಮರೆಯಬೇಡಿ.

ಛೇದ ಸೊನ್ನೆಯಾದ ಕೂಡಲೇ ಗಾಬರಿ ಆಗಬೇಕಾಗಿಯೂ ಇಲ್ಲ. ಸೈನ್ ಎಕ್ಸ್/ಎಕ್ಸ್ ಸೊನ್ನೆಯ ಬಳಿ 1ಕ್ಕೆ ಹೋಗುತ್ತದೆ. (1 − ಕಾಸ್ ಎಕ್ಸ್)/ಎಕ್ಸ್² ಅಲ್ಲಿ 1/2ಕ್ಕೆ ಹೋಗುತ್ತದೆ. ಅಂಶವೂ ಸೊನ್ನೆಯಾಗಿ ಸರಿತೂಗಿಸಿತು. ಇವು ಸುಮ್ನೆ ಹೆದರಿಸುವ ಜಾಗಗಳು, ಅಲ್ಲಿ ತುಂಡು ಮಾಡುವ ಕೆಲಸವಿಲ್ಲ.

ಇನ್ನೊಂದು ಉದಾಹರಣೆ ಇಲ್ಲಿಯೇ ಹೇಳಿಬಿಡಬೇಕು, ಚುರುಕಿನ ಮಕ್ಕಳು ಇದನ್ನೇ ಹಿಡಿದು ವಾದ ಮಾಡುತ್ತಾರೆ. 1/(ಎಕ್ಸ್ − 1)ರ 2/3ನೇ ಘಾತವನ್ನು 0 ಇಂದ 3 ರವರೆಗೆ ಮಾಡಿದರೆ, 1ರಲ್ಲಿ ಫಂಕ್ಷನ್ ಕೆಟ್ಟಿದ್ದರೂ ನೇರವಾಗಿ ಬೆಲೆ ಹಾಕಿದ ಉತ್ತರವೂ ತುಂಡು ಮಾಡಿ ಬಂದ ಉತ್ತರವೂ ಒಂದೇ: ಸುಮಾರು 6.78. ಹಾಗಾದರೆ ತುಂಡು ಯಾಕೆ ಮಾಡಬೇಕು ಸಾರ್ ಅಂತ ಕೇಳುತ್ತಾರೆ. ಕಾರಣ ಇಂಟಿಗ್ರೇಟ್ ಮಾಡಿ ಬಂದ ಫಂಕ್ಷನ್‌ನಲ್ಲಿದೆ. ಅದು (ಎಕ್ಸ್ − 1)ರ ಘನಮೂಲದ ಮೂರರಷ್ಟು. 1ರಲ್ಲಿ ಅದು ತುಂಡಾಗದೆ ಸಲೀಸಾಗಿ ದಾಟುತ್ತದೆ. 1/ಎಕ್ಸ್² ಅನ್ನು ಇಂಟಿಗ್ರೇಟ್ ಮಾಡಿ ಬರುವ −1/ಎಕ್ಸ್ ಹಾಗಲ್ಲ. ಅದು ಸೊನ್ನೆಯ ಒಂದು ಕಡೆ ಮೇಲಕ್ಕೆ ಹಾರಿ, ಇನ್ನೊಂದು ಕಡೆ ಪಾತಾಳದಿಂದ ಏಳುತ್ತದೆ. ಎರಡು ತುದಿಗೆ ಬೆಲೆ ಹಾಕಿ ಕಳೆಯುವ ನಿಯಮ ನಡೆಯುವುದು ನಡುವೆ ಎಲ್ಲೂ ತುಂಡಾಗದ ಫಂಕ್ಷನ್‌ಗೆ ಮಾತ್ರ. ತುಂಡಾಗುತ್ತದೋ ಇಲ್ಲವೋ ಅಂತ ತಿಳಿಯುವ ದಾರಿಯೇ ಲಿಮಿಟ್.

ಲಕ್ಷಣ: ಸಬ್‌ಸ್ಟಿಟ್ಯೂಷನ್ ಆದ ಮೇಲೆ ಉತ್ತರ ಸೊನ್ನೆ

1/(1 + ಕಾಸ್² ಎಕ್ಸ್), 0 ಇಂದ ಪೈ ರವರೆಗೆ. ಇದರಲ್ಲಿ ಏನೂ ಕೆಟ್ಟಿಲ್ಲ. ಛೇದ ಯಾವಾಗಲೂ 1 ಮತ್ತು 2ರ ನಡುವೆ. ಹಾಗಾಗಿ ಉತ್ತರ ಪೈ/2 ಮತ್ತು ಪೈ ನಡುವೆ, ಅಂದರೆ 1.57 ಮತ್ತು 3.14ರ ನಡುವೆ ಇರಲೇಬೇಕು. ಪುಸ್ತಕದ ರೂಢಿಯಂತೆ ಟಿ = ಟ್ಯಾನ್ ಎಕ್ಸ್ ಅಂತ ಹಾಕುತ್ತೇವೆ. ಎಕ್ಸ್ 0 ಆದಾಗ ಟಿ 0. ಎಕ್ಸ್ ಪೈ ಆದಾಗಲೂ ಟಿ 0. ಸೊನ್ನೆಯಿಂದ ಸೊನ್ನೆಗೆ ಇಂಟಿಗ್ರಲ್, ಉತ್ತರ ಸೊನ್ನೆ ಅಂತ ಪೆನ್ನು ಕೆಳಗಿಡುತ್ತಾರೆ.

ಇಲ್ಲಿ ಕೇಡು ತಂದದ್ದು ನಾವೇ ಹಾಕಿದ ಟ್ಯಾನ್. ಪೈ/2ರಲ್ಲಿ ಅದು ಅನಂತಕ್ಕೆ ಹೋಗಿ, ಆಚೆ ಕಡೆ ಮೈನಸ್ ಅನಂತದಿಂದ ವಾಪಸ್ ಬರುತ್ತದೆ. ಒಳ್ಳೆಯ ಇಂಟಿಗ್ರಲ್ ಅನ್ನು ನಾವೇ ಇಂಪ್ರಾಪರ್ ಮಾಡಿಕೊಂಡೆವು. ಪೈ/2ರಲ್ಲಿ ತುಂಡು ಮಾಡಿ. ಎರಡು ಅರ್ಧವೂ ಸಮ. ಒಂದೊಂದೂ 0 ಇಂದ ಅನಂತದವರೆಗೆ 1/(ಟಿ² + 2). ಒಟ್ಟು ಉತ್ತರ ಪೈ/√2, ಅಂದರೆ 2.22. ಮೊದಲೇ ಹಾಕಿಕೊಂಡ ಬೇಲಿಯೊಳಗೆ ಸರಿಯಾಗಿ ಕೂತಿತು.

ಕನಿಷ್ಠ ಗರಿಷ್ಠ ಎಷ್ಟು ಬರಬಹುದು ಅಂತ ಹೀಗೆ ಮೊದಲೇ ಗುರುತು ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ಅರ್ಧ ನಿಮಿಷದ ಕೆಲಸ.

ಲಕ್ಷಣ: "ಫಂಕ್ಷನ್ ಸೊನ್ನೆಗೆ ಹೋಗುತ್ತದೆ, ಹಾಗಾಗಿ ಕನ್ವರ್ಜ್"

ಒಂದು ತುದಿ ಅನಂತವಾಗಿರುವ ಲೆಕ್ಕಗಳಲ್ಲಿ ಅತಿ ಜಾಸ್ತಿ ಕಾಣುವ ದೋಷ ಇದು. ಫಂಕ್ಷನ್ ಸೊನ್ನೆಗೆ ಹೋದರೆ ಸಾಲದು. ಎಷ್ಟು ಬೇಗ ಹೋಗುತ್ತದೆ ಅನ್ನುವುದೇ ಮುಖ್ಯ.

1/ಎಕ್ಸ್ ಮತ್ತು 1/ಎಕ್ಸ್^1.1 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ 1 ರಿಂದ ಶುರು. ಮೇಲಿನ ತುದಿ 1000 ಇಟ್ಟರೆ ಮೊದಲನೆಯದು 6.91, ಎರಡನೆಯದು 4.99. ತುದಿ 10 ಲಕ್ಷಕ್ಕೆ ಏರಿಸಿದರೆ 13.82 ಮತ್ತು 7.49. 1000 ಕೋಟಿಗೆ ಏರಿಸಿದರೆ 23.03 ಮತ್ತು 9.00. ಎರಡೂ ಏರುತ್ತಲೇ ಇವೆ. ಬರೀ ಸಂಖ್ಯೆ ನೋಡಿದರೆ ಎರಡೂ ಒಂದೇ ಜಾತಿ ಅನ್ನಿಸುತ್ತದೆ. ಆದರೆ ಎರಡನೆಯದು 10ನ್ನು ಎಂದೂ ದಾಟುವುದಿಲ್ಲ, ಅದರ ಉತ್ತರ ಸರಿಯಾಗಿ 10. ಮೊದಲನೆಯದಕ್ಕೆ ಮೇಲ್ಛಾವಣಿಯೇ ಇಲ್ಲ. 1000 ಕೋಟಿಯವರೆಗೆ ಕೂಡಿಸಿದರೂ 10ಕ್ಕೆ ಹೋಗಬೇಕಾದದ್ದು 9ರಲ್ಲೇ ನಿಂತಿದೆ ಅನ್ನುವುದನ್ನು ಗಮನಿಸಿ. ಕ್ಯಾಲ್ಕುಲೇಟರ್‌ನಲ್ಲಿ ದೊಡ್ಡ ತುದಿ ಹಾಕಿ ಕನ್ವರ್ಜ್ ಆಗುತ್ತದೋ ಇಲ್ಲವೋ ತೀರ್ಮಾನಿಸುವವರು ಈ ಜೋಡಿಯನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ಇನ್ನೂ ನಿಧಾನದ್ದು ಬೇಕಾದರೆ 1/(ಎಕ್ಸ್ ಲಾಗ್ ಎಕ್ಸ್). 2 ರಿಂದ ಶುರು ಮಾಡಿ, 1ರ ಮುಂದೆ 100 ಸೊನ್ನೆ ಇರುವ ಸಂಖ್ಯೆಯವರೆಗೆ ಹೋದರೂ ಒಟ್ಟು 5.81 ಅಷ್ಟೇ. ಆದರೂ ಡೈವರ್ಜ್. ಏಕೆಂದರೆ ಇಂಟಿಗ್ರೇಟ್ ಮಾಡಿದರೆ ಲಾಗ್‌ನ ಲಾಗ್ ಬರುತ್ತದೆ, ಅದು ಆಮೆಯಂತೆ ನಡೆದರೂ ನಿಲ್ಲುವುದಿಲ್ಲ. ಛೇದದ ಲಾಗ್‌ಗೆ ವರ್ಗ ಹಾಕಿ, ತಕ್ಷಣ ಕನ್ವರ್ಜ್. ಉತ್ತರ 1/ಲಾಗ್ 2, ಅಂದರೆ 1.44.

ಘಾತದ ನಿಯಮ ನೆನಪಿಡುವಾಗಲೂ ಗಲಿಬಿಲಿ ಆಗುತ್ತದೆ. 1/ಎಕ್ಸ್^ಪಿ ಅನ್ನು 1 ರಿಂದ ಅನಂತಕ್ಕೆ ಮಾಡಿದರೆ ಪಿ 1ಕ್ಕಿಂತ ಜಾಸ್ತಿ ಇದ್ದಾಗ ಕನ್ವರ್ಜ್. 0 ಇಂದ 1ಕ್ಕೆ ಮಾಡಿದರೆ ಪಿ 1ಕ್ಕಿಂತ ಕಡಿಮೆ ಇದ್ದಾಗ ಕನ್ವರ್ಜ್. ಎರಡೂ ತಲೆಕೆಳಗು. ಬಾಯಿಪಾಠ ಮಾಡಬೇಡಿ. ಎಕ್ಸ್ ದೊಡ್ಡದಿರುವಾಗ ದೊಡ್ಡ ಘಾತ ಛೇದವನ್ನು ಬೇಗ ದೊಡ್ಡದು ಮಾಡುತ್ತದೆ, ಫಂಕ್ಷನ್ ಬೇಗ ಸಾಯುತ್ತದೆ. ಎಕ್ಸ್ ಸೊನ್ನೆಯ ಬಳಿ ಇರುವಾಗ ಅದೇ ದೊಡ್ಡ ಘಾತ ಛೇದವನ್ನು ಬೇಗ ಕುಗ್ಗಿಸುತ್ತದೆ, ಫಂಕ್ಷನ್ ಬೇಗ ಸ್ಫೋಟಿಸುತ್ತದೆ. ಪಿ ಸರಿಯಾಗಿ 1 ಇದ್ದರೆ ಎರಡು ಕಡೆಯೂ ಸೋಲು. ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ: 1/ಎಕ್ಸ್^ಪಿ ಅನ್ನು 0 ಇಂದ ಅನಂತಕ್ಕೆ ಮಾಡಿದರೆ ಯಾವ ಪಿ ಹಾಕಿದರೂ ಡೈವರ್ಜ್.

ಈ ಪಿ ಅನ್ನುವುದು ಪರೀಕ್ಷೆಗೆ ಮಾತ್ರ ಸೀಮಿತವಾದ ವಿಷಯವಲ್ಲ. ಭೂಮಿಯ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಪಿ 2. ಅದಕ್ಕೇ ಒಂದು ಕಿಲೋ ವಸ್ತುವನ್ನು ಭೂಮಿಯ ಮೇಲ್ಮೈಯಿಂದ ಅನಂತ ದೂರಕ್ಕೆ ಒಯ್ಯಲು ಬೇಕಾದ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ: ಸುಮಾರು 6.2 ಕೋಟಿ ಜೂಲ್. ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹದಿನೇಳು ಯೂನಿಟ್ ಚಿಲ್ಲರೆ. ಸೆಳೆತ ದೂರಕ್ಕೆ ತಕ್ಕಂತೆ ಮಾತ್ರ ಇಳಿಯುತ್ತಿದ್ದರೆ, ಅಂದರೆ ಪಿ 1 ಆಗಿದ್ದರೆ, ಆ ಇಂಟಿಗ್ರಲ್ ಡೈವರ್ಜ್ ಆಗುತ್ತಿತ್ತು. ಯಾವ ರಾಕೆಟ್ಟೂ ಭೂಮಿಯನ್ನು ಬಿಟ್ಟು ಪೂರ್ತಿ ಹೋಗಲು ಆಗುತ್ತಿರಲಿಲ್ಲ.

ಉಲ್ಟಾ ನಂಬಿಕೆಯೂ ತಪ್ಪು ಅಂತ ಸೇರಿಸುತ್ತೇನೆ. ಫಂಕ್ಷನ್ ಸೊನ್ನೆಗೆ ಹೋಗದಿದ್ದರೆ ಖಂಡಿತ ಡೈವರ್ಜ್ ಅನ್ನುವುದು ಸೀರೀಸ್‌ಗೆ ಸರಿ, ಇಂಟಿಗ್ರಲ್‌ಗೆ ಅಲ್ಲ. ಸೈನ್ (ಎಕ್ಸ್²) 1 ಮತ್ತು −1ರ ನಡುವೆ ಕೊನೆಯವರೆಗೂ ಕುಣಿಯುತ್ತದೆ. ಆದರೂ 0 ಇಂದ ಅನಂತಕ್ಕೆ ಅದರ ಇಂಟಿಗ್ರಲ್ √(ಪೈ/8), ಅಂದರೆ 0.627. ಅಲೆಗಳು ಕಿರಿದಾಗುತ್ತಾ ಹೋಗಿ ಪ್ಲಸ್ ಮೈನಸ್ ಒಂದನ್ನೊಂದು ಕಡಿಯುತ್ತವೆ.

ಲಕ್ಷಣ: ತುದಿಗೆ ಸೊನ್ನೆ ಹಾಕಿದರೆ ಎರರ್. ಬೋರ್‌ವೆಲ್ ಲೆಕ್ಕ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕೆರೆ ಬಿಟ್ಟರೆ ಬೋರ್‌ವೆಲ್. ಸಾವಿರ ಅಡಿ ದಾಟಿ ಕೊರೆಸಿದ ಬೋರ್‌ವೆಲ್ ಇಲ್ಲಿ ಯಾರಿಗೂ ಹೊಸದಲ್ಲ. ಪಂಪ್ ಓಡಿದಂತೆ ನೀರಿನ ಮಟ್ಟ ಎಷ್ಟು ಇಳಿಯುತ್ತದೆ ಅಂತ ಹೇಳುವ ಒಂದು ಸೂತ್ರವನ್ನು ಅಮೆರಿಕದ ಚಾರ್ಲ್ಸ್ ಥೀಸ್ 1935ರಲ್ಲಿ ಕೊಟ್ಟರು. ಸಿವಿಲ್ ಮಕ್ಕಳು ಮುಂದೆ ಅಂತರ್ಜಲ ಓದುವಾಗ ಇದನ್ನು ಕಾಣುತ್ತಾರೆ. ಅದರ ಹೃದಯ ಒಂದು ಇಂಪ್ರಾಪರ್ ಇಂಟಿಗ್ರಲ್: ಇ^(−ವೈ)/ವೈ ಅನ್ನು ಯು ಇಂದ ಅನಂತದವರೆಗೆ. ಇದನ್ನು ವೆಲ್ ಫಂಕ್ಷನ್ ಅನ್ನುತ್ತಾರೆ. ಯು ಅನ್ನುವುದು ಬಾವಿಯಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಪಂಪ್ ಓಡಿದ ಸಮಯಕ್ಕೆ ತಕ್ಕಂತೆ ಇಳಿಯುತ್ತದೆ. ಸಮಯ ಹತ್ತು ಪಟ್ಟಾದರೆ ಯು ಹತ್ತನೇ ಒಂದು ಭಾಗ.

ಮೇಲಿನ ತುದಿಯಲ್ಲಿ ತೊಂದರೆ ಇಲ್ಲ. ವೈ 1ನ್ನು ದಾಟಿದ ಮೇಲೆ ಇ^(−ವೈ)/ವೈ ಯಾವಾಗಲೂ ಇ^(−ವೈ)ಗಿಂತ ಚಿಕ್ಕದು, ಅದು ಕನ್ವರ್ಜ್, ಹಾಗಾಗಿ ಇದೂ ಕನ್ವರ್ಜ್. ತೊಂದರೆ ಕೆಳಗಿನ ತುದಿಯಲ್ಲಿ. "ತುಂಬಾ ದಿನ ಪಂಪ್ ಓಡಿದ ಮೇಲೆ ಕೊನೆಗೆ ನೀರು ಎಲ್ಲಿ ನಿಲ್ಲುತ್ತದೆ?" ಅಂತ ಕೇಳಿದರೆ ಮಕ್ಕಳು ಯುಗೆ ಸೊನ್ನೆ ಹಾಕುತ್ತಾರೆ. ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಯಂತ್ರ ಕೆಟ್ಟಿದೆ, ಇಲ್ಲವೇ ಸೂತ್ರ ಕೆಟ್ಟಿದೆ ಅಂತ ಬಿಟ್ಟುಬಿಡುತ್ತಾರೆ.

ಎರಡೂ ಕೆಟ್ಟಿಲ್ಲ. ಬೆಲೆಗಳನ್ನು ಸಾಲಾಗಿ ನೋಡಿ. ಯು 0.1 ಇದ್ದಾಗ ವೆಲ್ ಫಂಕ್ಷನ್ 1.82. 0.01 ಆದಾಗ 4.04. 0.001 ಆದಾಗ 6.33. 0.0001 ಆದಾಗ 8.63. ಸಮಯ ಹತ್ತು ಪಟ್ಟು ಆದಾಗಲೆಲ್ಲ ಸುಮಾರು 2.3 ಸೇರುತ್ತಿದೆ. 2.3 ಎಲ್ಲಿಂದ ಬಂತು? ಅದು ಲಾಗ್ 10. ಸೊನ್ನೆಯ ಬಳಿ ಇ^(−ವೈ) ಹೆಚ್ಚುಕಡಿಮೆ 1. ಹಾಗಾಗಿ ಅಲ್ಲಿ ಫಂಕ್ಷನ್ 1/ವೈ ಥರ ನಡೆಯುತ್ತದೆ, ಅದರ ಇಂಟಿಗ್ರಲ್ ಲಾಗ್. ಪಿ 1 ಇರುವ ಅದೇ ಸೋಲು. ಇಂಟಿಗ್ರಲ್ ಸೊನ್ನೆಯ ಬಳಿ ಡೈವರ್ಜ್ ಆಗುತ್ತದೆ.

ಈಗ ಇದರ ಅರ್ಥ ನೋಡಿ. ಸೂತ್ರ ಮಳೆಯ ನೀರು ಇಂಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎಲ್ಲಿಂದಲೂ ಹೊಸ ನೀರು ಬರದೆ, ಒಂದೇ ಸಮನೆ ಪಂಪ್ ಎಳೆಯುತ್ತಿದ್ದರೆ ಮಟ್ಟ ಎಲ್ಲೂ ನಿಲ್ಲುವುದಿಲ್ಲ, ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಡೈವರ್ಜ್ ಅನ್ನುವ ಉತ್ತರ ಹೇಳುತ್ತಿರುವುದು ಇದನ್ನೇ. ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೌದು, ಥೀಸ್ ಸೂತ್ರ ನೀರಿನ ಪದರ ಎಲ್ಲ ಕಡೆ ಒಂದೇ ಥರ ಇದೆ, ಅನಂತವಾಗಿ ಹರಡಿದೆ ಅಂತ ಭಾವಿಸುತ್ತದೆ. ನಮ್ಮ ಕಡೆ ಗ್ರಾನೈಟ್ ಮತ್ತು ನೈಸ್ ಅನ್ನುವ ಗಟ್ಟಿ ಬಂಡೆ. ನೀರು ಇರುವುದು ಬಿರುಕುಗಳಲ್ಲಿ ಮತ್ತು ಮೇಲಿನ ಸಡಿಲ ಪದರದಲ್ಲಿ. ಹಾಗಾಗಿ ಇಲ್ಲಿನ ಬೋರ್‌ವೆಲ್‌ಗೆ ಇದು ಅಂದಾಜು ಮಾತ್ರ. ಆದರೂ ಹೊಸ ನೀರು ಒಳಗೆ ಬಾರದಿದ್ದರೆ ಈ ಇಳಿತಕ್ಕೆ ಕೊನೆ ಇಲ್ಲ ಅನ್ನುವುದು ಬಂಡೆಗೂ ಅನ್ವಯಿಸುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ಹರಿಸುತ್ತಿರುವುದರ ಹಿಂದೆ ಇರುವ ಆಸೆಯೂ ಅಂತರ್ಜಲಕ್ಕೆ ಹೊಸ ನೀರು ಸೇರಲಿ ಅನ್ನುವುದೇ.

ಹಾಗಾಗಿ ಡೈವರ್ಜ್ ಅಂತ ಬಂದರೆ ಲೆಕ್ಕ ಕೈಬಿಡಬೇಡಿ. ಹೇಗೆ ಡೈವರ್ಜ್ ಆಗುತ್ತದೆ ಅಂತ ಬರೆಯಿರಿ. ಯು ಚಿಕ್ಕದಿದ್ದಾಗ ವೆಲ್ ಫಂಕ್ಷನ್ ಅಂದರೆ −0.5772 − ಲಾಗ್ ಯು, ಜೊತೆಗೆ ಚಿಲ್ಲರೆ. 0.01 ಹಾಕಿ ನೋಡಿ, −0.5772 + 4.6052, ಒಟ್ಟು 4.028. ಸರಿಯಾದ ಬೆಲೆ 4.038. ಎಷ್ಟು ಹತ್ತಿರ ನೋಡಿ.

ಲಕ್ಷಣ: ಪಾಸಿಟಿವ್ ನೆಗೆಟಿವ್ ಕಡಿದುಹೋಗಿ ಸೊನ್ನೆ ಬಂತು

ಎಕ್ಸ್/(1 + ಎಕ್ಸ್²), ಮೈನಸ್ ಅನಂತದಿಂದ ಅನಂತಕ್ಕೆ. ಫಂಕ್ಷನ್ ಆಡ್ (ಎಕ್ಸ್‌ನ ಚಿಹ್ನೆ ಬದಲಾದರೆ ಬೆಲೆಯ ಚಿಹ್ನೆಯೂ ಬದಲು), ಎಡಬಲ ಸಮ, ಹಾಗಾಗಿ ಸೊನ್ನೆ. ಈ ವಾದ ಕೇಳಲು ಚೆನ್ನಾಗಿದೆ. ಆದರೆ −ಟಿ ಇಂದ ಟಿ ರವರೆಗೆ ಹೋಗುವ ಬದಲು −ಟಿ ಇಂದ 2ಟಿ ರವರೆಗೆ ಹೋಗಿ. ಟಿ ದೊಡ್ಡದಾದಂತೆ ಉತ್ತರ ಲಾಗ್ 2ಕ್ಕೆ ಹೋಗುತ್ತದೆ. 3ಟಿ ಇಟ್ಟರೆ ಲಾಗ್ 3. ನಡೆಯುವ ವೇಗ ಬದಲಾದರೆ ಉತ್ತರವೇ ಬದಲಾಗುತ್ತಿದೆ ಅಂದರೆ ಅದಕ್ಕೆ ಉತ್ತರವೇ ಇಲ್ಲ.

ದೋಷ: ಎರಡು ಕೆಟ್ಟ ತುದಿಗೆ ಒಂದೇ ಟಿ ಬಳಸಿದ್ದು. ಟೊಮ್ಯಾಟೊ ಹೊಲದ ಡ್ರಿಪ್ ಪೈಪ್ ಎರಡು ಕಡೆ ಸೋರುತ್ತಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಬಿಗಿಯಬೇಕು ಅಲ್ವಾ, ಹಾಗೇ ಒಂದೊಂದು ತುದಿಗೂ ಅದರದೇ ಅಕ್ಷರ ಕೊಡಿ. ಸೊನ್ನೆಯಲ್ಲಿ ತುಂಡು ಮಾಡಿ, ಬಲಗಡೆ ಮಾತ್ರ ನೋಡಿ. ಲಾಗ್ (1 + ಟಿ²)ರ ಅರ್ಧ, ಅದು ನಿಲ್ಲುವುದಿಲ್ಲ. ಡೈವರ್ಜ್.

ಒಂದೇ ಟಿ ಇಟ್ಟು ಬರುವ ಸೊನ್ನೆಗೂ ಒಂದು ಹೆಸರಿದೆ, ಕೌಶಿ ಪ್ರಿನ್ಸಿಪಲ್ ವ್ಯಾಲ್ಯೂ. ಪ್ರಶ್ನೆ ಅದನ್ನೇ ಕೇಳಿದ್ದರೆ ಸೊನ್ನೆ ಬರೆಯಿರಿ. ಕೇಳಿಲ್ಲದಿದ್ದರೆ ಬರೆಯಬೇಡಿ. ಸಂಖ್ಯಾಶಾಸ್ತ್ರದ ಮಕ್ಕಳು ಇದನ್ನು ಜಾಸ್ತಿ ಗಮನಿಸಬೇಕು. ಕೌಶಿ ಡಿಸ್ಟ್ರಿಬ್ಯೂಷನ್‌ಗೆ ಸರಾಸರಿ ಇಲ್ಲ ಅನ್ನುತ್ತಾರಲ್ಲ, ಅದು ಇದೇ ಇಂಟಿಗ್ರಲ್‌ನಿಂದ. ಗ್ರಾಫ್ ಸೊನ್ನೆಯ ಸುತ್ತ ಎಷ್ಟು ಸಮವಾಗಿದ್ದರೂ ಸರಾಸರಿ ಸೊನ್ನೆ ಅನ್ನುವಂತಿಲ್ಲ.

ಎರಡು ತುದಿಯೂ ಕೆಟ್ಟಿದ್ದೂ ಕನ್ವರ್ಜ್ ಆಗುವ ಲೆಕ್ಕಗಳಿವೆ. 1/(√ಎಕ್ಸ್ (1 + ಎಕ್ಸ್)), 0 ಇಂದ ಅನಂತ. 1ರಲ್ಲಿ ತುಂಡು ಮಾಡಿ. ಸೊನ್ನೆಯ ಬಳಿ ಇದು 1/√ಎಕ್ಸ್ ಥರ, ಘಾತ ಅರ್ಧ, ಪಾಸ್. ಅನಂತದ ಬಳಿ ಘಾತ ಒಂದೂವರೆ, ಪಾಸ್. ಉತ್ತರ ಪೈ. ಒಂದೇ ತುದಿ ನೋಡಿ ಕನ್ವರ್ಜ್ ಅಂತ ಬರೆದರೆ ಉತ್ತರ ಸರಿ ಬಂದರೂ ಕಾರಣ ಅರ್ಧವೇ.

ಲಕ್ಷಣ: ಅನಂತ ಮೈನಸ್ ಅನಂತ

1/(ಎಕ್ಸ್ (ಎಕ್ಸ್ + 1)), 1 ರಿಂದ ಅನಂತ. ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಿದರೆ 1/ಎಕ್ಸ್ − 1/(ಎಕ್ಸ್ + 1). ಇಲ್ಲಿ ಎರಡನ್ನೂ ಬೇರೆ ಬೇರೆ ಇಂಟಿಗ್ರಲ್ ಮಾಡಿದರೆ ಎರಡೂ ಡೈವರ್ಜ್. ಕೆಲವರು ಅನಂತದಲ್ಲಿ ಅನಂತ ಕಳೆದು ಸೊನ್ನೆ ಅನ್ನುತ್ತಾರೆ, ಕೆಲವರು ಇಡೀ ಇಂಟಿಗ್ರಲ್ ಡೈವರ್ಜ್ ಅನ್ನುತ್ತಾರೆ. ಎರಡೂ ತಪ್ಪು. ಟಿ ರವರೆಗೆ ಒಟ್ಟಿಗೆ ಮಾಡಿ, ಎರಡು ಲಾಗ್‌ಗಳನ್ನು ಒಂದೇ ಲಾಗ್ ಆಗಿ ಸೇರಿಸಿ: ಲಾಗ್ (ಟಿ/(ಟಿ + 1)) + ಲಾಗ್ 2. ಈಗ ಲಿಮಿಟ್ ತೆಗೆದರೆ ಮೊದಲ ಭಾಗ ಸೊನ್ನೆ, ಉತ್ತರ ಲಾಗ್ 2. ಸೇರಿಸುವ ಕೆಲಸ ಲಿಮಿಟ್‌ಗಿಂತ ಮೊದಲು. ಲಿಮಿಟ್ ತೆಗೆದ ಮೇಲೆ ಸೇರಿಸಲು ಏನೂ ಉಳಿದಿರುವುದಿಲ್ಲ.

ಇಂಟಿಗ್ರೇಷನ್ ಬೈ ಪಾರ್ಟ್ಸ್‌ನಲ್ಲೂ ಇದೇ ರೋಗ ಬೇರೆ ವೇಷದಲ್ಲಿ ಬರುತ್ತದೆ. ಎಕ್ಸ್ ಇ^(−ಎಕ್ಸ್) ಅನ್ನು 0 ಇಂದ ಅನಂತಕ್ಕೆ ಮಾಡುವಾಗ ನಡುವೆ ಅನಂತ ಗುಣಿಸು ಸೊನ್ನೆ ಬರುತ್ತದೆ. ಟಿ ರವರೆಗೆ ಮಾಡಿದರೆ 1 − (ಟಿ + 1) ಇ^(−ಟಿ). ಟಿ 10 ಆದಾಗಲೇ 0.9995. ಉತ್ತರ 1.

ಲಕ್ಷಣ: ಹೋಲಿಕೆ ಪರೀಕ್ಷೆ ಏನನ್ನೂ ಹೇಳುತ್ತಿಲ್ಲ

1/(ಎಕ್ಸ್ + √ಎಕ್ಸ್), 1 ರಿಂದ ಅನಂತ. "ಇದು 1/ಎಕ್ಸ್‌ಗಿಂತ ಚಿಕ್ಕದು, 1/ಎಕ್ಸ್ ಡೈವರ್ಜ್, ಹಾಗಾಗಿ..." ಅಂತ ಶುರುವಾಗಿ ವಾಕ್ಯ ಅಲ್ಲೇ ತೊದಲುತ್ತದೆ. ಡೈವರ್ಜ್ ಆಗುವುದಕ್ಕಿಂತ ಚಿಕ್ಕದು ಅಂದರೆ ಏನೂ ಹೇಳಿದಂತಾಗಲಿಲ್ಲ. ಕನ್ವರ್ಜ್ ಆಗುವುದಕ್ಕಿಂತ ದೊಡ್ಡದು ಅಂದರೂ ಅಷ್ಟೇ. ಇಂಥ ಕಡೆ ಎರಡರ ಅನುಪಾತದ ಲಿಮಿಟ್ ತೆಗೆಯಿರಿ. ಇಲ್ಲಿ ಅದು 1. ಸೊನ್ನೆಯೂ ಅಲ್ಲ, ಅನಂತವೂ ಅಲ್ಲ, ಹಾಗಾಗಿ ಎರಡರ ಹಣೆಬರಹವೂ ಒಂದೇ. ಡೈವರ್ಜ್.

ಹೋಲಿಕೆ ಪಾಸಿಟಿವ್ ಫಂಕ್ಷನ್‌ಗೆ ಮಾತ್ರ. ಸೈನ್ ಎಕ್ಸ್/ಎಕ್ಸ್ ಥರ ಪ್ಲಸ್ ಮೈನಸ್ ಆಗುವುದಕ್ಕೆ ಹಾಕಬೇಡಿ. ಅದು 0 ಇಂದ ಅನಂತಕ್ಕೆ ಪೈ/2ಕ್ಕೆ ಕನ್ವರ್ಜ್ ಆಗುತ್ತದೆ. ಅದರ ಮಾಡ್ಯುಲಸ್ ಹಾಕಿದರೆ ಡೈವರ್ಜ್.

ಲಕ್ಷಣ: ಕಂಪ್ಯೂಟರ್ ಕೊಟ್ಟ ಉತ್ತರ ಎಲ್ಲಿಗೂ ಹೊಂದುತ್ತಿಲ್ಲ

ಇ^(−ಎಕ್ಸ್²), 0 ಇಂದ ಅನಂತ. ಉತ್ತರ √ಪೈ/2, ಅಂದರೆ 0.8862. ಅನಂತದ ಜಾಗಕ್ಕೆ ದೊಡ್ಡದೇ ಇರಲಿ ಅಂತ 10 ಲಕ್ಷ ಹಾಕಿ, 1000 ಭಾಗ ಮಾಡಿ ಸಿಂಪ್ಸನ್ ನಿಯಮ (ಭಾಗಗಳ ತುದಿಯ ಬೆಲೆಗಳಿಂದ ವಿಸ್ತೀರ್ಣ ಅಂದಾಜಿಸುವ ವಿಧಾನ) ಓಡಿಸಿದರೆ 333.33 ಬರುತ್ತದೆ. ಟ್ರೆಪಿಜಾಯ್ಡಲ್ ನಿಯಮ ಓಡಿಸಿದರೆ 500. ತುದಿಯನ್ನು ಮುಟ್ಟದ ವಿಧಾನ ಬಳಸಿದರೆ ಸೊನ್ನೆ. ಪ್ರೋಗ್ರಾಂನಲ್ಲಿ ಒಂದು ಸಾಲೂ ತಪ್ಪಿಲ್ಲ. ಒಂದೊಂದು ಭಾಗದ ಅಗಲ 1000 ಆಯಿತು. ಫಂಕ್ಷನ್ ಬದುಕಿರುವುದು 0 ಮತ್ತು 4ರ ನಡುವೆ. ಪ್ರೋಗ್ರಾಂ ಕಂಡದ್ದು ಸೊನ್ನೆಯಲ್ಲಿನ 1 ಮಾತ್ರ, ಮುಂದಿನದೆಲ್ಲ ಸೊನ್ನೆ.

ತುದಿ ದೊಡ್ಡದಿದ್ದಷ್ಟೂ ಉತ್ತರ ಒಳ್ಳೆಯದು ಅನ್ನುವ ನಂಬಿಕೆ ಬಿಡಿ. ಮೊದಲು ಬಾಲ ಎಷ್ಟಿದೆ ಅಂತ ಕೈಯಲ್ಲಿ ಲೆಕ್ಕ ಹಾಕಿ. 10ರ ಆಚೆ ಇರುವ ಬಾಲ ಇ^(−100)/20ಕ್ಕಿಂತ ಕಡಿಮೆ. ದಶಾಂಶ ಬಿಂದುವಿನ ನಂತರ 40ಕ್ಕೂ ಜಾಸ್ತಿ ಸೊನ್ನೆ ಇರುವ ಸಂಖ್ಯೆ ಅದು. ಹಾಗಾಗಿ ತುದಿ 10 ಧಾರಾಳ ಸಾಕು. 100 ಭಾಗ ಮಾಡಿದರೆ ಸಿಂಪ್ಸನ್ 0.8862 ಕೊಡುತ್ತದೆ. ಆದರೆ 1/ಎಕ್ಸ್^1.1 ಥರದ ನಿಧಾನದ ಬಾಲಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಬಾಲವನ್ನು ಕೈಯಲ್ಲೇ ಇಂಟಿಗ್ರೇಟ್ ಮಾಡಿ ಸೇರಿಸಬೇಕು.

ಕೆಟ್ಟ ತುದಿ ಸೊನ್ನೆಯಲ್ಲಿದ್ದರೆ ಬೇರೆ ಔಷಧ. ಕಾಸ್ ಎಕ್ಸ್/√ಎಕ್ಸ್, 0 ಇಂದ 1. ಸೊನ್ನೆಯಲ್ಲಿ ಭಾಗಾಕಾರ ಎರರ್ ಬರುತ್ತದೆ ಅಂತ 0.001 ಇಂದ ಶುರು ಮಾಡುವವರಿದ್ದಾರೆ. ಬಿಟ್ಟದ್ದು ಸಾವಿರದಲ್ಲಿ ಒಂದು ಭಾಗ, ಏನು ಮಹಾ ಅನ್ನಿಸುತ್ತದೆ. ಆದರೆ ಆ ಒಂದು ಚೂರಿನಲ್ಲೇ 0.063 ವಿಸ್ತೀರ್ಣ ಅಡಗಿದೆ. 1.809 ಬರಬೇಕಾದದ್ದು 1.746 ಬರುತ್ತದೆ. ಎಕ್ಸ್ = ಟಿ² ಹಾಕಿ. √ಎಕ್ಸ್ ಟಿ ಆಗುತ್ತದೆ, ಡಿಎಕ್ಸ್ 2ಟಿ ಡಿಟಿ ಆಗುತ್ತದೆ, ಛೇದದ ಟಿ ಹೊಡೆದುಹೋಗುತ್ತದೆ. ಉಳಿಯುವುದು 2 ಕಾಸ್ (ಟಿ²), 0 ಇಂದ 1. ಈಗ ಎಲ್ಲೂ ಕೆಟ್ಟ ಜಾಗ ಇಲ್ಲ. ಸಿಂಪ್ಸನ್ 10 ಭಾಗದಲ್ಲೇ 1.809 ಕೊಡುತ್ತದೆ.